ಬೋಯಿನ್‌ಪಲ್ಲಿಯ ಟೊಮೆಟೊ ಯಾರ ಖಾತೆಗೆ?

ಮೀಥೇನ್ ಕುರಿತ ವರದಿಗಳನ್ನು ಅನುವಾದಿಸುವಾಗ ನಾನು ಪ್ರತಿ ಸಲ ತಡವರಿಸುವುದು ‘ನೈಸರ್ಗಿಕ’ ಎಂಬ ಪದದ ಮುಂದೆ. ಜೌಗಿನ ಕೆಸರಿನಲ್ಲಿ ಹುಟ್ಟಿದ ಮೀಥೇನ್ ನೈಸರ್ಗಿಕ, ಸರಿ. ಆದರೆ ಬಾವಿ ಕೊರೆದು, ಕೊಳವೆಯಲ್ಲಿ ಸಾಗಿಸಿ, ದಾರಿಯುದ್ದಕ್ಕೂ ಸೋರಿಸುವುದಕ್ಕೂ ‘ನೈಸರ್ಗಿಕ ಅನಿಲ’ವೆಂದೇ ಹೆಸರು. ಲೆಕ್ಕ ಬರೆಯುವಾಗ ಮಾತ್ರ ಆ ಸೋರಿಕೆ ಮನುಷ್ಯನ ಖಾತೆಗೆ ಹೋಗುತ್ತದೆ.

ಹುಸೇನ್ ಸಾಗರದ್ದು ಯಾರ ಖಾತೆ? 16ನೇ ಶತಮಾನದಲ್ಲಿ ಕುತುಬ್‌ಶಾಹಿಗಳ ಕಾಲದಲ್ಲಿ ಕಟ್ಟಿದ ಕೆರೆ. ದಶಕಗಳಿಂದ ನಗರದ ಕೊಳಚೆ ಸೇರಿ ತಳದಲ್ಲಿ ಹೂಳು ಕೂತಿದೆ. ಆಮ್ಲಜನಕವಿಲ್ಲದ ಹೂಳಿನಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಬಳಗವೇ ಭತ್ತದ ಗದ್ದೆಯಲ್ಲೂ, ಎಮ್ಮೆಯ ಹೊಟ್ಟೆಯಲ್ಲೂ ಇರುವುದು. ಅವಕ್ಕೆ ಖಾತೆಗಳ ಗೊಡವೆಯಿಲ್ಲ. ಊಟ ಹಾಕಿದವರು ಯಾರು ಎಂದು ನಾವು ಕೇಳಬೇಕು, ಅಷ್ಟೆ.

ಪ್ರತಿವರ್ಷ ಹೊಮ್ಮುವ ಮೀಥೇನ್‌ನಲ್ಲಿ ಸುಮಾರು ಶೇ. 60 ಮನುಷ್ಯನ ಪಾಲು: ದನಕರು, ಭತ್ತ, ಕಲ್ಲಿದ್ದಲು, ತೈಲ, ಕಸ. ಗಾಳಿಯಲ್ಲಿ ಅದು ಉಳಿಯುವುದು ಹತ್ತು ವರ್ಷದ ಆಸುಪಾಸು. ಆದರೆ 20 ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ. ಇಂದು ತಡೆದರೆ ನಮ್ಮ ಕಾಲದಲ್ಲೇ ಫಲ ಕಾಣಬಹುದು.

ಜಾಗತಿಕ ಮೀಥೇನನ್ನು 2030ರೊಳಗೆ ಶೇ. 30 ತಗ್ಗಿಸುವ 2021ರ ಗ್ಲಾಸ್ಗೊ ಪ್ರತಿಜ್ಞೆಗೆ ಭಾರತ ಸೇರಲಿಲ್ಲ. ಒಂದೆರಡು ಎಮ್ಮೆ, ಎರಡೆಕರೆ ಗದ್ದೆ ನಂಬಿದವರ ಬದುಕಿಗೆ ಕೈ ಹಾಕಬಾರದೆಂಬ ವಾದ ನನಗೂ ಒಪ್ಪಿಗೆ. ಆ ರೈತನ ಬೆನ್ನ ಹಿಂದೆ ನಗರದ ಕಸ ಅಡಗಿ ಕೂರುವುದು ಮಾತ್ರ ಒಪ್ಪಿಗೆಯಿಲ್ಲ.

ಸಿಕಂದರಾಬಾದಿನ ಬೋಯಿನ್‌ಪಲ್ಲಿ ತರಕಾರಿ ಮಾರುಕಟ್ಟೆಯನ್ನೇ ನೋಡಿ. ಕೊಳೆತ ಟೊಮೆಟೊ, ಕೋಸಿನ ಎಲೆ ಎಲ್ಲ ಸೇರಿ ದಿನಕ್ಕೆ ಸುಮಾರು 10 ಟನ್. ಹೈದರಾಬಾದಿನದೇ ಆದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಧಾನದಲ್ಲಿ ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ, ದಿನಕ್ಕೆ 500 ಯೂನಿಟ್ ವಿದ್ಯುತ್ ತೆಗೆದು ತೋರಿಸಿದ್ದಾರೆ. 2021ರ ಜನವರಿಯಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೊಗಳಿದ್ದು ಇದನ್ನೇ. ನಮ್ಮ ಶಿರಸಿ ಕಡೆಯ ಗೋಬರ್ ಗ್ಯಾಸಿಗೆ ಪೇಟೆಯಲ್ಲಿ ಹುಟ್ಟಿದ ತಮ್ಮ ಎನ್ನಿ.

ಅದೇ ಟೊಮೆಟೊ ಲಾರಿ ಹತ್ತಿ ಜವಾಹರ್‌ನಗರದ ಕಸದ ಗುಡ್ಡ ಸೇರಿದರೆ, ಅದೇ ಅನಿಲ ಬಿಟ್ಟಿ ಆಕಾಶಕ್ಕೆ. ಹಳೆಯ ಗುಡ್ಡಕ್ಕೆ ಹೊದಿಕೆ ಹಾಕಿದ್ದಾರೆ, ಪಕ್ಕದಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರವೂ ಬಂದಿದೆ. ಆದರೆ ಹಸಿಕಸದಲ್ಲಿ ಇರುವುದು ಬಹುಪಾಲು ನೀರು. ಅದನ್ನು ಸುಡಲು ಹೊರಡುವುದು ಹಸಿ ಸೌದೆಯಲ್ಲಿ ಒಲೆ ಹೊತ್ತಿಸಿದ ಹಾಗೆ. ಪ್ರತಿ ರೈತು ಬಜಾರಿನ ಹಿಂದೆಯೂ ಬೋಯಿನ್‌ಪಲ್ಲಿಯಂಥ ತೊಟ್ಟಿಗೆ ಪಾಲಿಕೆ ಬಜೆಟ್ಟಿನಲ್ಲಿ ಹಣ ಇಡಲಿ. ಕಟ್ಟುವುದಕ್ಕಷ್ಟೇ ಅಲ್ಲ, ಉದ್ಘಾಟನೆಯ ಮರುದಿನದಿಂದ ಅದನ್ನು ನಡೆಸುವವರ ಸಂಬಳಕ್ಕೂ.