ಹಿರಿಯರನ್ನು ಕೂರಿಸಬೇಡಿ

“ನೀನು ಸುಮ್ನೆ ಕೂತ್ಕೋ ಅಮ್ಮಾ, ನಾವಿದ್ದೀವಲ್ಲ.” ಹೀಗೆನ್ನುತ್ತಲೇ ಮೊದಲು ನೀರಿನ ಕೊಡ ಕಿತ್ತುಕೊಳ್ಳುತ್ತೇವೆ, ಆಮೇಲೆ ಪೊರಕೆ, ಆಮೇಲೆ ತರಕಾರಿ ಚೀಲ. ಕೊನೆಗೆ ಟಿ.ವಿ. ರಿಮೋಟ್ ಕೈಗಿಟ್ಟು ಋಣ ತೀರಿತೆಂದು ಹಗುರಾಗುತ್ತೇವೆ. ಮುಂದೊಂದು ದಿನ ಆಕೆ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ, ‘ಅರವತ್ತರ ಅರಳು ಮರಳು’ ಅಂತ ನಗುವವರೂ ನಾವೇ.

ನಗುವ ಮಾತಲ್ಲ ಇದು. ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಮೈಗೆ ಕೆಲಸ ಸಿಕ್ಕರೆ ಮಿದುಳಿಗೆ ಏನಾಗುತ್ತದೆಂದು ನೋಡಲು ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ವಾರಕ್ಕೆ ಮೂರು ದಿನ ನಡೆದರು. ನಲವತ್ತು ನಿಮಿಷದವರೆಗೆ, ಬಿರುಸಾಗಿ. ಇನ್ನೊಂದು ಗುಂಪಿನವರು ಮೈ ಹಿಗ್ಗಿಸುವ ಹಗುರ ವ್ಯಾಯಾಮವನ್ನಷ್ಟೇ ಮಾಡಿದರು. ವರ್ಷದ ಕೊನೆಗೆ ಸ್ಕ್ಯಾನ್ ಮಾಡಿದಾಗ, ನೆನಪು ಕೂಡಿಡುವ ಹಿಪೊಕ್ಯಾಂಪಸ್ ನಡೆದವರಲ್ಲಿ ಶೇ 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಕುಗ್ಗಿತ್ತು. ಆ ವಯಸ್ಸಿನಲ್ಲಿ ಕುಗ್ಗುವುದು ಸಹಜ, ಹಿಗ್ಗಿದ್ದೇ ಸೋಜಿಗ.

ನಡೆದವರಿಗೆಲ್ಲ ಮರೆವು ಬರುವುದೇ ಇಲ್ಲವೆಂದು ನಾನು ಹೇಳಲಾರೆ. ಕಾಯಿಲೆ ಬಂದಮೇಲೆ ವ್ಯಾಯಾಮ ಅದನ್ನು ವಾಸಿ ಮಾಡುವುದೂ ಇಲ್ಲ. ಅದಕ್ಕೇ ಈ ಆತುರ. ಬಿ.ಪಿ., ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ, ಮೈಗೆ ಕೆಲಸವಿಲ್ಲದಿರುವುದು, ಹೀಗೆ ಹದಿನಾಲ್ಕು ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಹೇಳಿತು. ದಿನಾ ಸಂಜೆ ನಾಲ್ಕು ಜನರ ಜೊತೆ ಮಾತಾಡುತ್ತಾ ನಡೆದುಬಂದರೆ ಇವುಗಳಲ್ಲಿ ಎಷ್ಟಕ್ಕೆ ಮದ್ದಾಯಿತು, ನೀವೇ ಎಣಿಸಿ.

“ಬಿದ್ದರೆ?” ಎನ್ನುತ್ತೀರಿ. ಭಯ ಸುಳ್ಳಲ್ಲ. ಬೆಂಗಳೂರಿನ ಫುಟ್‌ಪಾತಿನಲ್ಲಿ ಇಪ್ಪತ್ತರ ಹುಡುಗರೂ ಎಡವುತ್ತಾರೆ: ಎದ್ದ ಕಲ್ಲುಚಪ್ಪಡಿ, ಅಡ್ಡ ನಿಂತ ಸ್ಕೂಟರು, ಬಾಯ್ದೆರೆದ ಚರಂಡಿ. ಆದರೆ ಕೂತೇ ಇದ್ದರೆ ಕಾಲಿನ ಕಸುವೂ ಹೋಗಿ ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ವಾರಕ್ಕೆ 150 ನಿಮಿಷವಾದರೂ ಮೈ ದಣಿಯಲಿ, ಅದರೊಳಗೆ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳಿರುವುದು ಇದಕ್ಕೇ.

ಮಕ್ಕಳೇ, ಸೊಸೆ ಅಳಿಯಂದಿರೇ, ವೈದ್ಯರನ್ನು ಒಂದು ಮಾತು ಕೇಳಿಕೊಂಡು ಇವತ್ತೇ ಅಪ್ಪನನ್ನು, ಅತ್ತೆಯನ್ನು ಹೊರಗೆ ಕರೆದುಕೊಂಡು ಹೋಗಿ. ಕಿತ್ತುಕೊಂಡ ತರಕಾರಿ ಚೀಲ ವಾಪಸು ಕೊಡಿ. ನಿಮ್ಮ ಬೀದಿಯ ಫುಟ್‌ಪಾತಿಗೆ ಅಡ್ಡ ನಿಂತಿರುವ ಸ್ಕೂಟರು ನಿಮ್ಮದೇ ಆಗಿದ್ದರೆ, ಮೊದಲು ಅದನ್ನು ತೆಗೆಯಿರಿ.