0.04 ಅಂದ್ರೆ ಅಷ್ಟು ಸಸಾರನಾ?

"ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದೇ ಶೇಕಡಾ 0.04. ಅಷ್ಟಕ್ಕೆ ಭೂಮಿ ಬಿಸಿಯಾಗುತ್ತಂತೆ!"

ಮೊನ್ನೆ ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಹೀಗಂದು ನಕ್ಕರು. ಇಂಜಿನಿಯರ್ ಬೇರೆ. ಬಾಯಲ್ಲಿ ಹೋಳಿಗೆ ಇತ್ತು, ಸುಮ್ಮನಿದ್ದೆ. ಈಗ ಹೇಳ್ತೀನಿ.

ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಬಿಡಿ. ಶೇಕಡಾವಾರು ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ನೀರೆಲ್ಲ ನೀಲಿ! ಗಾಳಿಯ ಕಥೆಯೂ ಇದೇ. ಒಣಗಾಳಿಯ ಶೇಕಡಾ 99 ಭಾಗ ಸಾರಜನಕ, ಆಮ್ಲಜನಕ. ಭೂಮಿ ಹೊರಬಿಡುವ ಶಾಖದ ಕಿರಣಗಳನ್ನು ಇವೆರಡೂ ಹೆಚ್ಚುಕಮ್ಮಿ ಹಾಗೇ ಬಿಟ್ಟುಬಿಡುತ್ತವೆ. ಹಿಡಿಯೋದು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಥರದವು. ಜಾನ್ ಟಿಂಡಾಲ್ ಇದನ್ನು 1859ರಲ್ಲೇ ಅಳೆಯಲು ಶುರುಮಾಡಿದ್ದ. 1896ರಲ್ಲಿ ಅರ್ಹೇನಿಯಸ್ ಕಂಪ್ಯೂಟರ್ ಇಲ್ಲದೆ, ಕೈಯಲ್ಲೇ ಲೆಕ್ಕ ಹಾಕಿದ್ದ.

ನೀವೂ ಹಾಕಬಹುದು. ಈಗಿನ ಪ್ರಮಾಣವನ್ನು ಹಳೆಯದರಿಂದ ಭಾಗಿಸಿ, ಸಹಜ ಲಾಗರಿದಮ್ ತೆಗೆದು, 5.35ರಿಂದ ಗುಣಿಸಿ. 1998ರಿಂದ ಬಳಕೆಯಲ್ಲಿರೋ ಸರಳ ಸೂತ್ರ. 1750ರಲ್ಲಿ ಹತ್ತು ಲಕ್ಷಕ್ಕೆ 278, 2019ರಲ್ಲಿ 410. ಉತ್ತರ: ಚದರ ಮೀಟರಿಗೆ ಸುಮಾರು 2.1 ವ್ಯಾಟ್. ಐಪಿಸಿಸಿಯ 2021ರ ವರದಿಯಲ್ಲಿರೋದು 2.16. ಮೊಬೈಲ್ ಕ್ಯಾಲ್ಕುಲೇಟರಿಗೂ ಅವರಿಗೂ ಇಷ್ಟೇ ವ್ಯತ್ಯಾಸ!

"ಬರೀ ಎರಡು ವ್ಯಾಟಾ?" ಅಂತೀರಾ? ಭೂಮಿಯ ಮೈ 51 ಕೋಟಿ ಚದರ ಕಿಲೋಮೀಟರ್. ಗುಣಿಸಿದರೆ ಮನುಷ್ಯರೆಲ್ಲ ಸೇರಿ ಬಳಸೋ ಒಟ್ಟು ಶಕ್ತಿಯ ಐವತ್ತು ಪಟ್ಟಿನ ಆಸುಪಾಸು. ಅದೂ ಹಗಲೂ ರಾತ್ರಿ. ಭೂಮಿ ಅದರಲ್ಲಿ ಒಂದಷ್ಟನ್ನು ವಾಪಸ್ ಹೊರಗೆ ಬಿಡುತ್ತೆ ನಿಜ. ಆದರೆ ಹಾಗೆ ಬಿಡೋಕೆ ಅದು ಮೊದಲು ಬಿಸಿಯಾಗಬೇಕು ಸ್ವಾಮೀ!

ಹಾಗಾದರೆ ಲೆಕ್ಕದಲ್ಲಿ ಅನುಮಾನವೇ ಇಲ್ಲವೇ? ಇದೆ. ಹೊಗೆಯ ಸೂಕ್ಷ್ಮ ಕಣಗಳು ಬಿಸಿಲನ್ನು ವಾಪಸ್ ಎಸೆದು, ಮೋಡವನ್ನೂ ಬದಲಿಸಿ ಒಟ್ಟಾರೆ ತಂಪು ಮಾಡುತ್ತವೆ. ಅದೇ ವರದಿಯ ಅಂದಾಜು 1.1 ವ್ಯಾಟ್. ಆದರೆ ಅದು 0.4 ಇರಬಹುದು, 1.7 ಕೂಡ ಇರಬಹುದು. ದೊಡ್ಡ ಗೊಂದಲ ಇರೋದು ಇಲ್ಲಿ. "ವಿಜ್ಞಾನಿಗಳಿಗೇ ಗೊತ್ತಿಲ್ಲ" ಅನ್ನೋರು ಈ ಗೊಂದಲವನ್ನು ತಂದು ಇಂಗಾಲದ ಲೆಕ್ಕಕ್ಕೆ ಅಂಟಿಸುತ್ತಾರೆ. ಇದು ಮೋಸ. ಹೊಗೆ ಕಣಗಳು ಕೆಲವೇ ದಿನಗಳಲ್ಲಿ ಮಳೆಗೆ ತೊಳೆದುಹೋಗುತ್ತವೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತೆ. ಹೊಗೆ ಮರೆಮಾಡಿದ್ದು ಸಾಲ, ಮನ್ನಾ ಅಲ್ಲ.

ನನ್ನ ಲೆಕ್ಕ ತಪ್ಪಿದ್ದರೆ ತಿದ್ದಿ, ಒಪ್ಕೋತೀನಿ. ಆದರೆ ಲೆಕ್ಕಾನೇ ಹಾಕದೆ ನಗಬೇಡಿ. ಏನಂತೀರಿ?