ಸಂಬಳ ನಿಲ್ಲುವ ಮುನ್ನ

ತಿಂಗಳ ಮೊದಲ ವಾರವೆಂಬುದು ಸಂಬಳದ ಮನೆಗಳಲ್ಲಿ ಒಂದು ಸಣ್ಣ ಹಬ್ಬ. ಹಾಲಿನ ಬಾಕಿ ತೀರುವುದು ಆಗ. ದಿನಸಿಯ ಚೀಟಿ ಅಂಗಡಿಗೆ ಹೋಗುವುದು ಆಗ. ಮಲ್ಲಿಗೆಯ ಮೊಳ ಒಂದರ ಬದಲು ಎರಡಾಗುವುದೂ ಆಗಲೇ. ಮೂವತ್ತು ವರ್ಷಕ್ಕೂ ಮಿಕ್ಕಿ ತಪ್ಪದೆ ಬಂದ ಈ ಹಬ್ಬ ಒಂದು ತಿಂಗಳು ತನ್ನ ಸಡಗರವನ್ನೆಲ್ಲ ಬಿಟ್ಟು ಅರ್ಧ ಕೈಯಲ್ಲಿ ಬಂದು ನಿಂತರೆ ಮನೆ ಹೇಗೆ ನಡೆಯಬೇಕು? ನಿವೃತ್ತಿಯ ದಿನ ಹಾಕಿಸಿಕೊಂಡ ಹಾರ ಬಾಡುವ ಮೊದಲೇ ಈ ಪ್ರಶ್ನೆ ಎದುರಾಗುತ್ತದೆ. ಆದರೆ ಅದಕ್ಕೆ ಉತ್ತರವನ್ನು ಹುಡುಕತಕ್ಕ ಕಾಲ ಹಾರ ಹಾಕಿಸಿಕೊಳ್ಳುವುದಕ್ಕೆ ಮುಂಚೆ.

ಮೈಸೂರಿನ ನೈಋತ್ಯಕ್ಕಿರುವ ಶ್ರೀರಾಂಪುರದಂಥ ಬಡಾವಣೆಗಳಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕಾರು ಸಿಗುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಇಲ್ಲಿಗೆ ಸಮೀಪ. ಬೆಳಗಿನ ಹೊತ್ತು ಅದರ ದಡದಲ್ಲಿ ತಲೆಗೆ ಮಫ್ಲರ್ ಸುತ್ತಿ ನಡೆಯುವ ಹಿರಿಯರ ಮಾತಿಗೆ ಒಂದಿಷ್ಟು ಕಿವಿಗೊಟ್ಟರೆ ಸಾಕು. ರಾಜಕೀಯ, ಮಂಡಿನೋವು ಮುಗಿದ ಮೇಲೆ ಉಳಿಯುವ ವಿಷಯ ಒಂದೇ: ಬಂದ ಹಣವನ್ನು ಎಲ್ಲಿಟ್ಟಿರಿ?

ಇಲ್ಲಿಯ ಎರಡನೆಯ ಹಂತದಲ್ಲಿ ಮನೆ ಕಟ್ಟಿಕೊಂಡಿರುವ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರೊಬ್ಬರ ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಾಲೆಗೆ ಸೇರಿಸುವಾಗ ಅವರ ತಂದೆ, ಆ ಕಾಲದ ಅನೇಕ ತಂದೆಗಳಂತೆ, ಹುಟ್ಟಿದ ದಿನವನ್ನು ಜೂನ್ ಒಂದು ಎಂದು ಬರೆಸಿದ್ದರು. ಆದ್ದರಿಂದ ಅರವತ್ತು ತುಂಬುವ ವರ್ಷದ ಮೇ 31 ಅವರ ಸೇವೆಯ ಕಡೆಯ ದಿನ. ಮಗಳಿಗೆ ಮದುವೆಯಾಗಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮನೆಯ ಸಾಲ ತೀರಿದೆ. ಮೇಲುನೋಟಕ್ಕೆ ಚಿಂತೆಗೆ ಕಾರಣವೇ ಇಲ್ಲ.

ಹಿಂದಿನ ನವೆಂಬರ್ ತಿಂಗಳ ಒಂದು ರಾತ್ರಿ ಮನೆಯಾಕೆ ತಮ್ಮ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಕೇಳಿದರು: “ಅಲ್ಲಾಂದ್ರೆ, ಜೂನ್ ತಿಂಗಳಿಂದ ನನ್ನ ಕೈಗೆ ಎಷ್ಟು ಕೊಡ್ತೀರಿ?”

ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮರುದಿನ ಕುಳಿತು ಲೆಕ್ಕ ಹಾಕಿದರು. ಕಡೆಯ ಮೂಲವೇತನ 90,000 ರೂಪಾಯಿ. ಪೂರ್ಣ ಸೇವೆಯಾಗಿರುವುದರಿಂದ ಅದರ ಅರ್ಧ, ಅಂದರೆ 45,000, ಪಿಂಚಣಿ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಪರಿವರ್ತನೆ ಮಾಡಿಸಿ ಇಡಿಗಂಟಾಗಿ ಪಡೆದರೆ ಪ್ರತಿ ತಿಂಗಳು ಉಳಿಯುವುದು 30,000. ತುಟ್ಟಿಭತ್ಯೆ ಸೇರಿದರೆ ಸುಮಾರು 35,000. ಕೈಗೆ ಬರುತ್ತಿದ್ದ ಸಂಬಳದ ಅರ್ಧಕ್ಕೂ ಇದು ಕಡಮೆ.

ಎಲ್ಲರ ಪಾಡೂ ಇದೇ ಎಂದು ತಿಳಿಯಬಾರದು. 2006ರ ಏಪ್ರಿಲ್ 1ರಂದು ಮತ್ತು ಆನಂತರ ರಾಜ್ಯದ ಸೇವೆಗೆ ಸೇರಿದವರು ಹೊಸ ಪಿಂಚಣಿ ಪದ್ಧತಿಗೆ ಒಳಪಟ್ಟರು. ಅಲ್ಲಿ ಕೂಡಿಬಿದ್ದ ಹಣವೇ ಮುಂದಿನ ಆಧಾರ. ಕಾರ್ಖಾನೆಗಳಲ್ಲಿ ದುಡಿದವರ ಸ್ಥಿತಿ ಇನ್ನೂ ಬಿಗಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮೇಷ್ಟ್ರ ಮನೆ ಅದೃಷ್ಟವಂತರ ಮನೆಯೇ. ಆದರೂ ಅರ್ಧವಾದ ಆದಾಯಕ್ಕೆ ಪೂರ್ಣವಾದ ಅಭ್ಯಾಸಗಳನ್ನು ಹೊಂದಿಸುವ ಕಷ್ಟ ಅಲ್ಲಿಯೂ ತಪ್ಪದು.

ಮನೆಯಾಕೆ ಒಂದು ಉಪಾಯ ಹೇಳಿದರು. ನಾಟಕಕ್ಕೆ ತಾಲೀಮು ಬೇಕಾದರೆ ನಿವೃತ್ತಿಗೆ ಏಕೆ ಬೇಡ? ಡಿಸೆಂಬರಿನಿಂದ ಮೇ ತನಕ, ಆರು ತಿಂಗಳು, 35,000 ರೂಪಾಯಿಯಲ್ಲಿಯೇ ಮನೆ ನಡೆಸುವುದು. ಸಂಬಳದ ಉಳಿದ ಭಾಗವನ್ನು ಬೇರೊಂದು ಖಾತೆಗೆ ಹಾಕಿ ಮರೆತುಬಿಡುವುದು. ಸೋತರೂ ಸಂಬಳವಿನ್ನೂ ಬರುತ್ತಿರುವಾಗ ಸೋಲುವುದು ಮೇಲು. ಕಾಗದಪತ್ರಗಳ ಓಡಾಟದಲ್ಲಿ ಮೊದಲ ಪಿಂಚಣಿ ತಡವಾಗಿ ಬಂದರೆ ಆ ಹೊತ್ತಿಗೆ ಆ ಖಾತೆಯ ಹಣ ಒದಗುತ್ತದೆ.

ಅವರು ಹಾಕಿಕೊಂಡ ಪಟ್ಟಿ ಹೀಗಿತ್ತು:

ದಿನಸಿ, ಹಾಲು, ತರಕಾರಿ, ಅಡಿಗೆ ಅನಿಲ – 14,000
ವಿದ್ಯುತ್ತು, ನೀರು, ಫೋನು, ಪತ್ರಿಕೆ – 2,500
ಮನೆಗೆಲಸದಾಕೆಯ ಸಂಬಳ – 2,500
ಔಷಧ – 3,000
ಓಡಾಟ – 2,000
ಹಬ್ಬ, ಮುಯ್ಯಿ, ನೆಂಟರು – 3,000
ವರ್ಷಕ್ಕೊಮ್ಮೆ ಬರುವ ಖರ್ಚಿಗೆ ತೆಗೆದಿಡುವುದು – 5,000
ಉಳಿತಾಯ – 3,000
ಒಟ್ಟು – 35,000

ಡಿಸೆಂಬರ್ ಸುಗಮವಾಗಿ ಕಳೆಯಿತು. ಅವರೆಕಾಯಿಯ ಕಾಲ; ಸೊಗಡಿನ ಕಾಯಿ ಬುಟ್ಟಿ ಬುಟ್ಟಿಯಾಗಿ ಬರುವಾಗ ಬೇರೆ ತರಕಾರಿಯ ಗೊಡವೆಯೇ ಬೇಡ. ಹಿತಕವರೆ ಹುಳಿ, ಅವರೆಕಾಳಿನ ಉಪ್ಪಿಟ್ಟು, ಅವರೆಕಾಳಿನ ಅಕ್ಕಿರೊಟ್ಟಿಗಳಲ್ಲಿ ತಿಂಗಳು ತುಂಬಿತು. ಮಿತವ್ಯಯವೆಂದರೆ ಬಾಯಿ ಕಟ್ಟುವುದಲ್ಲ, ಕಾಲವನ್ನರಿತು ಕೊಳ್ಳುವುದು ಎಂದು ಮೇಷ್ಟ್ರಿಗೆ ಮನವರಿಕೆಯಾಯಿತು.

ಸೋಲು ಬಂದದ್ದು ಎರಡನೆಯ ತಿಂಗಳಲ್ಲಿ. ಸಂಕ್ರಾಂತಿಯ ಎಳ್ಳು ಬೀರುವ ಖರ್ಚು, ಆರೋಗ್ಯ ವಿಮೆಯ ಕಂತು, ಸ್ಕೂಟರಿನ ವಿಮೆ ಮೂರೂ ಜನವರಿಯಲ್ಲಿಯೇ ಬಂದು ಕುಳಿತವು. ತೆಗೆದಿಟ್ಟಿದ್ದ 10,000 ಯಾವ ಮೂಲೆಗೂ ಸಾಲಲಿಲ್ಲ. ಆಗ ಕಂಡ ಸತ್ಯ ಇದು: ತಿಂಗಳ ಖರ್ಚನ್ನು ಎಲ್ಲ ಸಂಸಾರಗಳೂ ಬಲ್ಲವು, ಸಂಸಾರವನ್ನು ಅಲುಗಿಸುವುದು ವರ್ಷಕ್ಕೊಮ್ಮೆ ಬರುವ ಖರ್ಚು. ಸಂಬಳವಿದ್ದಾಗ ಹಬ್ಬದ ಮುಂಗಡವೋ ತುಟ್ಟಿಭತ್ಯೆಯ ಬಾಕಿಯೋ ಇಂಥ ತೂತುಗಳನ್ನು ಮುಚ್ಚುತ್ತಿದ್ದವು. ಮನೆಯಾಕೆ ಹನ್ನೆರಡು ತಿಂಗಳ ಹಾಳೆಯೊಂದನ್ನು ಗೀಚಿ, ಯಾವ ಕಂತು ಯಾವ ತಿಂಗಳು ಎಂದು ಗುರುತುಮಾಡಿ ಅಡಿಗೆಮನೆಯ ಬಾಗಿಲಿನ ಹಿಂದೆ ಅಂಟಿಸಿದರು. ಮನೆಕಂದಾಯ ಏಪ್ರಿಲ್‌ನಲ್ಲಿ, ಆ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ವರ್ಷದ ಇಂಥ ಖರ್ಚಿನ ಮೊತ್ತ 60,000. ಇದನ್ನು ಒಮ್ಮೆಗೇ ಪ್ರತ್ಯೇಕವಾಗಿ ಇಟ್ಟುಕೊಂಡು, ಖರ್ಚಾದಂತೆ ತಿಂಗಳಿಗೆ 5,000ದಂತೆ ತುಂಬುತ್ತ ಹೋಗುವುದೆಂದು ನಿಶ್ಚಯವಾಯಿತು.

ಫೆಬ್ರವರಿ, ಮಾರ್ಚಿನಲ್ಲಿ ಹೊಸ ಹುಣಿಸೆಹಣ್ಣು, ಹೊಸ ಮೆಣಸಿನಕಾಯಿ. ವರ್ಷಕ್ಕಾಗುವಷ್ಟನ್ನು ಕೊಂಡು, ಹುಣಿಸೆಯ ಬೀಜ ನಾರು ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿದರು. ಏಪ್ರಿಲ್ ಬಿಸಿಲಿಗೆ ಮಹಡಿಯ ಮೇಲೆ ಅರಳಿನ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಒಣಗಿದವು. ಸಾರಿನ ಪುಡಿ, ಹುಳಿಪುಡಿಗಳನ್ನು ಪೊಟ್ಟಣದಲ್ಲಿ ಕೊಳ್ಳುವುದು ನಿಂತಿತು. ಕಾಗೆ ಕಾಯುವ ಕೆಲಸ ರಜೆಯಲ್ಲಿದ್ದ ಮೇಷ್ಟ್ರ ಪಾಲಿಗೆ ಬಂತು. ಕೊಡೆಯ ಕೆಳಗೆ ಕುಳಿತು ಪತ್ರಿಕೆ ಓದುತ್ತ ಅವರು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರು. ಕಾಗೆಗಳೂ ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದವು.

ಓಡಾಟದ ಬಾಬತ್ತಿನಲ್ಲಿ ಮನೆಯಾಕೆಯದೇ ಮೇಲುಗೈ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ದೇವರಾಜ ಮಾರುಕಟ್ಟೆಗೆ ಇಬ್ಬರೂ ಹೊರಟರೆ ಹಣ ತೆರುವವರು ಮೇಷ್ಟ್ರು ಮಾತ್ರ. ಚೀಲ ಹೊರುವವರೂ ಅವರೇ. ಅದೇ ವರ್ಷದ ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಬಳಕೆಯ ಸರಾಸರಿಗೆ ತಕ್ಕಂತೆ, ವಿದ್ಯುತ್ತಿನ ಬಿಲ್ಲೂ ಹಗುರವಾಗಿದೆ. ಆದರೆ ಇಂಥ ಸೌಲಭ್ಯಗಳಿಂದ ಉಳಿದ ಹಣವನ್ನು ಬೇರೆ ಡಬ್ಬಿಗೆ ಹಾಕುವುದೇ ಜಾಣತನ. ಯೋಜನೆಗಳು ಸರ್ಕಾರದ ಕೈಯಲ್ಲಿರುವಂಥವು. ಹಿರಿಯರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋದುದನ್ನು ಅನೇಕರು ಟಿಕೆಟ್ ಕೊಳ್ಳಲು ಹೋದಾಗಲೇ ತಿಳಿದುಕೊಂಡರು.

ಗಂಡಸು ಮನೆಯಲ್ಲಿದ್ದರೆ ಖರ್ಚೂ ಮನೆಯಲ್ಲಿರುತ್ತದೆ ಎಂಬುದು ಬೇಸಗೆ ರಜೆಯಲ್ಲಿ ಗೊತ್ತಾಯಿತು. ಶಾಲೆಯಿದ್ದ ದಿನಗಳಲ್ಲಿ ಎರಡು ಸಲ ಆಗುತ್ತಿದ್ದ ಕಾಫಿ ಐದು ಸಲವಾಯಿತು. ಅನಿಲದ ಸಿಲಿಂಡರು ವಾರ ಮುಂಚೆಯೇ ಮುಗಿಯಿತು. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗ, ದಿನಕ್ಕೆ ಒಂದೂವರೆ ಲೀಟರು ಕೊಳ್ಳುವ ಮನೆಯ ಮೇಲೆ ಬಿದ್ದ ಹೊರೆ ವರ್ಷಕ್ಕೆ 2,190 ರೂಪಾಯಿ. ಮನೆಯಾಕೆ ಹಾಲನ್ನು ಕುರಿತು ಏನೂ ಹೇಳಲಿಲ್ಲ. “ನಿಮಗೆ ಮೇ ತಿಂಗಳಿಗೆ ಮುಗಿಯುತ್ತೆ. ನನಗೆ ಯಾವತ್ತು ಮುಗಿಯೋದು?” ಎಂದಷ್ಟೇ ಕೇಳಿದರು. ಮರುದಿನದಿಂದ ಮಧ್ಯಾಹ್ನದ ಕಾಫಿಯನ್ನು ಮೇಷ್ಟ್ರೇ ಬೆರೆಸಿ ಇಬ್ಬರಿಗೂ ತಂದರು. ಐದು ಸಲದ ಕಾಫಿ ತಾನಾಗಿಯೇ ಮೂರಕ್ಕೆ ಇಳಿಯಿತು.

ನಿಜವಾದ ಪರೀಕ್ಷೆ ಬಂದುದು ಯುಗಾದಿಗೆ ಬಂದ ಮಗನಿಂದ. ಬೆಂಗಳೂರಿನಲ್ಲಿ ಅವನು ಒಂದು ಫ್ಲ್ಯಾಟ್ ನೋಡಿದ್ದ. “ಅಣ್ಣಾ, ನಿಮಗೆ ಹೇಗೂ ನಲವತ್ತು ಲಕ್ಷ ಬರುತ್ತೆ. ಇಪ್ಪತ್ತೈದು ಕೊಟ್ಟರೆ ನನ್ನ ಸಾಲ ಕಡಮೆಯಾಗುತ್ತೆ. ಆಮೇಲೆ ನೀವೂ ಅಮ್ಮನೂ ಅಲ್ಲಿಗೇ ಬಂದುಬಿಡಬಹುದು,” ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಮೇಷ್ಟ್ರು ಒಪ್ಪುವವರಂತೆ ಮಡದಿಯ ಮುಖ ನೋಡಿದರು.

ಆಕೆ ಲೆಕ್ಕದ ಪುಸ್ತಕ ತಂದರು. ಉಪದಾನ, ಗಳಿಕೆ ರಜೆಯ 300 ದಿನದ ಸಂಬಳ, ಪಿಂಚಣಿಯ ಪರಿವರ್ತನೆ ಸೇರಿ ಬರುವುದು ಸುಮಾರು 40 ಲಕ್ಷವೇನೋ ನಿಜ. ಆದರೆ ಪರಿವರ್ತನೆಯ ಹಣ ಯಾರೂ ಕೊಟ್ಟ ಉಡುಗೊರೆಯಲ್ಲ; ತಮ್ಮದೇ ಪಿಂಚಣಿಯ ಮುಂಗಡ. ಬಿಟ್ಟುಕೊಟ್ಟ ಭಾಗ ಮರಳಿ ಬರುವುದು 15 ವರ್ಷದ ಮೇಲೆ, ಮೇಷ್ಟ್ರಿಗೆ 75 ಆದಾಗ. ಅಲ್ಲಿಯ ತನಕ ಪ್ರತಿ ತಿಂಗಳೂ 15,000 ಕಡಮೆ. “ಈ ದುಡ್ಡು ಕೊಟ್ಟರೆ, ನಾವು ಹದಿನೈದು ವರ್ಷ ತಿಂಗಳು ತಿಂಗಳೂ ನಿನಗೆ ಕೊಟ್ಟ ಹಾಗೆ ಕಣೋ,” ಎಂದರು.

ಮುಂದಿನ ಹಾಳೆಯನ್ನು ಆಕೆ ಗಂಡನಿಗೂ ಅದುವರೆಗೆ ತೋರಿಸಿರಲಿಲ್ಲ. ಅದರಲ್ಲಿ ಒಬ್ಬರೇ ಉಳಿದಾಗಿನ ಲೆಕ್ಕವಿತ್ತು. ಕುಟುಂಬ ಪಿಂಚಣಿಯ ಸಾಮಾನ್ಯ ದರ ಕಡೆಯ ಮೂಲವೇತನದ ಶೇ. 30, ಅಂದರೆ 27,000, ಜೊತೆಗೆ ತುಟ್ಟಿಭತ್ಯೆ. ಒಬ್ಬರು ಹೋದರೆಂದು ಮನೆಯ ಖರ್ಚು ಅರ್ಧವಾಗುವುದಿಲ್ಲ. ಕಂದಾಯ, ದೀಪ, ನೀರು, ಕೆಲಸದಾಕೆಯ ಸಂಬಳ ಹಾಗೆಯೇ ಇರುತ್ತವೆ, ಔಷಧ ಹೆಚ್ಚುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಇಮ್ಮಡಿಯಾಗುತ್ತವೆ, ಶೇ. 4ರಂತೆ ಏರಿದರೂ 18 ವರ್ಷಕ್ಕೆ. ಮನೆಯಾಕೆ ಈ ಹಾಳೆಯನ್ನು ನಿಧಾನವಾಗಿ ಓದಿ ಹೇಳಿದರು. ಮಗ ತಲೆ ತಗ್ಗಿಸಿ ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ನಾಳೆ ನಿನ್ನ ಹತ್ತಿರ ಕೈಚಾಚೋ ಹಾಗೆ ಆಗಬಾರದು ಅಂತಲೇ ಇವತ್ತು ಪೂರ್ತಿ ಕೊಡ್ತಿಲ್ಲ,” ಎಂದರು ತಾಯಿ.

ಕಡೆಗೆ ಆದ ಏರ್ಪಾಡು ಇದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮಡದಿಯೊಡನೆ ಜಂಟಿ ಖಾತೆಯಾಗಿ 20 ಲಕ್ಷ. 2023ರ ಏಪ್ರಿಲ್‌ನಲ್ಲಿ ಈ ಯೋಜನೆಯ ಗರಿಷ್ಠ ಮೊತ್ತ 15 ಲಕ್ಷದಿಂದ 30 ಲಕ್ಷಕ್ಕೆ, ಬಡ್ಡಿ ಶೇ. 8.2ಕ್ಕೆ ಏರಿತು, ಆ ದರದಲ್ಲಿ ಮೂರು ತಿಂಗಳಿಗೊಮ್ಮೆ 41,000 ಬರುತ್ತದೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ. ಅದೇ ತಿಂಗಳು ನಿಗದಿಯಾದ ಶೇ. 7.4ರ ದರದಲ್ಲಿ ತಿಂಗಳಿಗೆ 5,550. ಇವುಗಳ ದರವನ್ನು ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸಬಹುದಾದರೂ, ಒಮ್ಮೆ ತೆರೆದ ಖಾತೆಗೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ. ಆಕಸ್ಮಿಕ ಕಾಯಿಲೆ ಕಸಾಲೆಗೆಂದು ಬ್ಯಾಂಕಿನಲ್ಲಿ 5 ಲಕ್ಷ. ಠೇವಣಿಯ ವಿಮೆ 2020ರಲ್ಲಿ ಬ್ಯಾಂಕೊಂದಕ್ಕೆ ಒಬ್ಬರಿಗೆ 5 ಲಕ್ಷಕ್ಕೆ ಏರಿತು; ಹೆಚ್ಚು ಬಡ್ಡಿಯ ಆಸೆ ತೋರಿಸಿ ಮನೆಬಾಗಿಲಿಗೆ ಬರುವ ಖಾಸಗಿ ಫಂಡುಗಳಿಗೆ ಅಂಥ ವಿಮೆ ಇರುವುದಿಲ್ಲ. ಉಳಿದ 6 ಲಕ್ಷ ಮಗನಿಗೆ.

ಬಡ್ಡಿಯಿಂದ ವರ್ಷಕ್ಕೆ 2,30,600 ರೂಪಾಯಿ ಬರುತ್ತದೆ. ಅದನ್ನು ಮುಟ್ಟದೆ 35,000ದಲ್ಲಿ ಮನೆ ನಡೆಸಬಹುದೆಂದು ಆರು ತಿಂಗಳ ತಾಲೀಮು ತೋರಿಸಿಕೊಟ್ಟಿತ್ತು. ಆದುದರಿಂದ ಬಡ್ಡಿಯ ಬಹುಭಾಗ ಮುಂದಿನ ಬೆಲೆಯೇರಿಕೆಗೆ ಎದುರಾಗಿ ಬೆಳೆಯಬೇಕು. ಒಂದು ಸಣ್ಣ ಭಾಗ ಮಾತ್ರ ವರ್ಷಕ್ಕೊಂದು ಯಾತ್ರೆಗೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಕುಡಿಕೆಗೆ ಲೆಕ್ಕವಿಲ್ಲದವರನ್ನು ಕುರಿತದ್ದು.

ಉಳಿತಾಯದ ಮಾತು ಮೈಸೂರಿಗೆ ಹೊಸದಲ್ಲ. ಸರ್ಕಾರಿ ನೌಕರರ ಸಂಬಳದಿಂದ ವಿಮೆಯ ಕಂತು ಹಿಡಿಯುವ ಏರ್ಪಾಡು ಈ ಸಂಸ್ಥಾನದಲ್ಲಿ 1891ರಲ್ಲಿಯೇ ಆರಂಭವಾಯಿತು. ಮೈಸೂರು ಬ್ಯಾಂಕು ಹುಟ್ಟಿದ್ದು 1913ರಲ್ಲಿ. ಬ್ಯಾಂಕಿನ ಹೆಸರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಲೀನವಾಯಿತು; ಅದು ಕಲಿಸಿದ ಅಭ್ಯಾಸ ಎಷ್ಟೋ ಮನೆಗಳಲ್ಲಿ ಉಳಿದಿದೆ.

ಮೇ 31ರಂದು ಮೇಷ್ಟ್ರು ಹಾರ, ಶಾಲು, ಹಣ್ಣಿನ ಬುಟ್ಟಿಗಳೊಡನೆ ಮನೆಗೆ ಬಂದರು. ಮರುದಿನ ಬೆಳಗ್ಗೆ ಎಂದಿನಂತೆ ಎದ್ದು ಕೆರೆಯ ಕಡೆ ನಡೆದುಹೋದರು. ಮನೆಯಾಕೆ ಬಾಗಿಲ ಹಿಂದಿನ ಹಾಳೆಯಲ್ಲಿ ಜೂನ್ ತಿಂಗಳ ಸಾಲನ್ನು ನೋಡಿದರು. ನವೆಂಬರಿನ ಎದುರಿಗೆ ‘ಜೀವಿತ ಪ್ರಮಾಣಪತ್ರ’ ಎಂದು ಹೊಸದಾಗಿ ಬರೆದರು. ವರ್ಷಕ್ಕೊಮ್ಮೆ ಅದನ್ನು ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಆಮೇಲೆ ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆದು ತಾರೀಖು ಹಾಕಿ ಮೊದಲ ಸಾಲು ಬರೆದರು: ಹಾಲು, ಒಂದೂವರೆ ಲೀಟರು.